ಎತ್ತರ ಮಾಡಿಸಿದ ಜೀಪು ಯಾಕೆ ನಡುಗುತ್ತೆ?

ಬಹಳ ದಿನದಿಂದ ಬರೀಬೇಕು ಅಂದುಕೊಂಡಿದ್ದ ವಿಷಯ ಇದು. ಜೀಪು, ಪಿಕಪ್ಪು ಎತ್ತರ ಮಾಡಿಸೋ ಹುಚ್ಚು ಇರೋರು ದಯವಿಟ್ಟು ಕೊನೆವರೆಗೂ ಓದಿ.

ನಮ್ಮ ಜುಗೂಳ ಕೃಷ್ಣೆ ದಂಡೆಯ ಊರು. ಸುತ್ತ ಕಬ್ಬು, ಕಾಲಡಿ ಎರೆಮಣ್ಣು. ೨೦೦೫, ೨೦೧೯, ೨೦೨೧ರ ಮಹಾಪೂರ ನೋಡಿದವರಿಗೆ "ಗಾಡಿ ಇನ್ನೊಂದೆರಡು ಇಂಚು ಮ್ಯಾಲ ಇದ್ದಿದ್ರ..." ಅನ್ನಿಸೋದು ಸಹಜ. ನಮ್ಮ ಮಾಮಾಗೂ ಹಾಗೇ ಅನ್ನಿಸ್ತು. ತಮ್ಮ ಹಳೇ ಡೀಸೆಲ್ ಜೀಪಿಗೆ ಪೇಟೆಯ ಗ್ಯಾರೇಜೊಂದರಲ್ಲಿ ಹೆಚ್ಚು ಬಾಗಿದ ಹೊಸ ಪಾಟಾ ಹಾಕಿಸಿ, ಹಿಂದಿನ ಪಾಟಾಗಳಿಗೆ ಮೂರು ಇಂಚು ಉದ್ದದ ಶ್ಯಾಕಲ್ ಸಹ ಹಾಕಿಸಿದ್ರು. ಒಟ್ಟು ಮೂರು ಇಂಚು ಎತ್ತರ. ನೋಡೋಕೆ ಏನೋ ಭರ್ಜರಿ!

ನಾನು ರಜೆಗೆ ಊರಿಗೆ ಹೋದಾಗ ಮಾಮಾ ಮೊದಲು ಹೇಳಿದ್ದೇ ಇದು: "ಅಳಿಯಾ, ಐವತ್ತು ದಾಟಿತಂದ್ರ ಗಾಡಿ ಥರಥರ ನಡಗಾಕತ್ತೈತಿ. ಎರಡ ಸಲ ಕ್ರಾಸ್ ಬದ್ಲಿ ಮಾಡಿಸೇನಿ. ಗಾಲಿ ಬ್ಯಾಲೆನ್ಸ್ ಮಾಡಿಸೇನಿ. ಎಂಟು ಸಾವಿರ ಹೋತು, ನಡುಕ ಹೋಗಲಿಲ್ಲ." ಆಮೇಲೆ ಇನ್ನೊಂದು ಮಾತು ಸೇರಿಸಿದ್ರು: "ಹಿಂದ ಆರ ಮಂದಿ ಕುಂತ್ರ ನಡುಕ ಕಮ್ಮಿ ಆಗತೈತಿ ನೋಡು. ಗ್ಯಾರೇಜನ್ಯಾಗ ಹೇಳಿದ್ರ ನಕ್ಕರು."

ನಾನೂ ನಕ್ಕೆ. ಆಮೇಲೆ ನಾಚಿಕೆ ಆಯ್ತು. ಯಾಕಂದ್ರೆ ಇಡೀ ಸಮಸ್ಯೆಯ ಉತ್ತರ ಆ ಒಂದು ಮಾತಲ್ಲೇ ಇತ್ತು.

ಇಂಜಿನಿಯರಿಂಗ್ ಓದಿದವರಿಗೆ 'ಹುಕ್ಸ್ ಜಾಯಿಂಟ್' ನೆನಪಿರಬೇಕು. ೧೭ನೇ ಶತಮಾನದಲ್ಲೇ ರಾಬರ್ಟ್ ಹುಕ್ ಇದರ ಚಲನೆಯನ್ನ ಅಭ್ಯಾಸ ಮಾಡಿದ್ದ. ನಮ್ಮ ಗ್ಯಾರೇಜುಗಳಲ್ಲಿ ಕ್ರಾಸ್ ಅಂತಾರಲ್ಲ, ಅದೇ ಈ ಜಾಯಿಂಟಿನ ನಡುವಿನ ಭಾಗ. ಗೇರ್‌ಬಾಕ್ಸ್ ಕಡೆ ಒಂದು, ಹೌಸಿಂಗ್ ಕಡೆ ಒಂದು, ನಡುವೆ ಪ್ರೊಪೆಲ್ಲರ್ ಶಾಫ್ಟ್. ಜಾಯಿಂಟ್ ನೇರವಾಗಿದ್ರೆ ಎರಡೂ ಕಡೆ ಒಂದೇ ವೇಗ. ಕೋನದಲ್ಲಿ ಬಾಗಿದ್ರೆ ಮಾತ್ರ, ಒಂದು ಕಡೆ ಸಮನಾಗಿ ತಿರುಗಿದ್ರೂ ಇನ್ನೊಂದು ಕಡೆ ಪ್ರತಿ ಸುತ್ತಿಗೆ ಎರಡು ಸಲ ಜೋರಾಗಿ, ಎರಡು ಸಲ ನಿಧಾನ ಆಗುತ್ತೆ. ೫ ಡಿಗ್ರಿ ಕೋನಕ್ಕೆ ಈ ಏರಿಳಿತ ಶೇಕಡಾ ಅರ್ಧಕ್ಕಿಂತ ಕಡಿಮೆ. ೧೦ ಡಿಗ್ರಿಗೆ ಒಂದೂವರೆ. ೧೫ಕ್ಕೆ ಮೂರೂವರೆ. ಕೋನ ಮೂರು ಪಟ್ಟಾದ್ರೆ ನಡುಕದ ಮೂಲ ಹೆಚ್ಚುಕಮ್ಮಿ ಒಂಬತ್ತು ಪಟ್ಟು!

ಹಾಗಾದ್ರೆ ಎಲ್ಲ ಗಾಡಿಗಳೂ ಯಾಕೆ ನಡುಗಲ್ಲ? ಎರಡು ಜಾಯಿಂಟಿನ ಕೋನ ಸಮ ಇದ್ದು, ಶಾಫ್ಟಿನ ಎರಡೂ ತುದಿಯ ಕವಲು ಒಂದೇ ಸಾಲಲ್ಲಿದ್ರೆ, ಮೊದಲನೆಯದು ಮಾಡಿದ ತಪ್ಪನ್ನ ಎರಡನೆಯದು ಸರಿ ಮಾಡುತ್ತೆ. ಕಂಪನಿಯವರು ಲೆಕ್ಕ ಹಾಕಿಯೇ ಇಟ್ಟಿರ್ತಾರೆ. ನಾವು ಎತ್ತರ ಮಾಡಿದಾಗ ಆ ಲೆಕ್ಕ ತಪ್ಪುತ್ತೆ, ಅಷ್ಟೇ.

ಮಾರನೇ ದಿನ ಜೀಪನ್ನ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಕೆಳಗೆ ನುಗ್ಗಿದೆ. (ಜಾಕ್ ಮೇಲೆ ಎತ್ತಿ ಅಳೀಬೇಡಿ, ಭಾರ ಗಾಲಿ ಮೇಲೇ ಇರಬೇಕು.) ಮೊಬೈಲಿನ ಲೆವೆಲ್ ಇಟ್ಟು ಅಳೆದೆ. ಗೇರ್‌ಬಾಕ್ಸ್ ಕಡೆಯ ಶಾಫ್ಟ್ ೩ ಡಿಗ್ರಿ ಇಳಿಜಾರು. ಪ್ರೊಪೆಲ್ಲರ್ ಶಾಫ್ಟ್ ೧೩. ಹೌಸಿಂಗ್ ಮೂತಿ ೭ ಡಿಗ್ರಿ ಮೇಲಕ್ಕೆ. ಅಂದ್ರೆ ಮುಂದಿನ ಜಾಯಿಂಟ್ ಕೋನ ೧೦, ಹಿಂದಿನದು ೬. ನಾಲ್ಕು ಡಿಗ್ರಿ ವ್ಯತ್ಯಾಸ! ಒಂದು ಡಿಗ್ರಿ ಒಳಗಿರಬೇಕು ಅನ್ನೋದು ಸಾಮಾನ್ಯ ನಿಯಮ.

ಉದ್ದ ಶ್ಯಾಕಲ್ ಮಾಡಿದ ಕೆಲಸ ಅದು. ಅದು ಪಾಟಾದ ಹಿಂದಿನ ತುದಿಯನ್ನ ಕೆಳಗೆ ನೂಕಿ, ಹೌಸಿಂಗ್ ಮೂತಿಯನ್ನ ಆಕಾಶಕ್ಕೆ ತಿರುಗಿಸಿತ್ತು. ಆರು ಜನ ಕೂತರೆ ಪಾಟಾ ಕುಸಿದು ಕೋನ ಕಮ್ಮಿ ಆಗ್ತಿತ್ತು, ನಡುಕವೂ ಕಮ್ಮಿ. ಮಾಮಾ ಸರಿಯಾಗೇ ಹೇಳಿದ್ರು. ಕೇಳೋರು ಇರಲಿಲ್ಲ.

ಹಳೇ ಶ್ಯಾಕಲ್ ವಾಪಸ್ ಹಾಕಿಸಿದ್ವಿ. ಒಂದೂವರೆ ಇಂಚು ಎತ್ತರ ಹೋಯ್ತು. ಪ್ರೊಪೆಲ್ಲರ್ ಶಾಫ್ಟ್ ೧೦ಕ್ಕೆ ಬಂತು, ಮೂತಿ ಮೂರೂವರೆಗೆ. ಈಗ ಕೋನಗಳು ೭ ಮತ್ತು ಆರೂವರೆ. ಮತ್ತೊಂದು ಹೊಸ ಕ್ರಾಸ್ ಬೇಕಾಗಲಿಲ್ಲ. ಜೀಪು ಈಗ ೬೦ರಲ್ಲಿ ಹಾಯಾಗಿ ಹೋಗುತ್ತೆ :)

ಶ್ಯಾಕಲ್ ಬದಲಿಸದೆ ಬರೀ ಪಾಟಾದಿಂದ ಮೂತಿ ತಿರುಗಿದ್ರೆ, ಪಾಟಾ ಮತ್ತು ಹೌಸಿಂಗ್ ನಡುವೆ ಓರೆಯಾದ ಉಕ್ಕಿನ ಬಿಲ್ಲೆ ಕೊಟ್ಟು ಸರಿ ಮಾಡಬಹುದು. ಅದಕ್ಕೂ ಮೊದಲು ಕಾಸಿಲ್ಲದ ಕೆಲಸ ಒಂದಿದೆ. ಶಾಫ್ಟ್ ಬಿಚ್ಚಿ ಜೋಡಿಸುವಾಗ ಹಲ್ಲು ತಪ್ಪಿ ಕೂತಿದೆಯಾ ನೋಡಿ. ಎರಡೂ ತುದಿಯ ಕವಲು ಒಂದೇ ಸಾಲಲ್ಲಿ ಇಲ್ಲದಿದ್ರೆ ಕೋನ ಎಷ್ಟು ಸರಿ ಇದ್ರೂ ನಡುಗೇ ನಡುಗುತ್ತೆ.

ನಡುಕದ ಮೂಲ ಗುರುತಿಸೋಕೂ ಲೆಕ್ಕ ಇದೆ. ೨೯ ಇಂಚಿನ ಗಾಲಿ ಗಂಟೆಗೆ ೬೦ ಕಿ.ಮೀ.ಯಲ್ಲಿ ಸೆಕೆಂಡಿಗೆ ಸುಮಾರು ೭ ಸುತ್ತು ಹಾಕುತ್ತೆ. ಹೌಸಿಂಗ್ ಅನುಪಾತ ೫ ಅಂತ ಇಟ್ಕೊಂಡ್ರೆ ಶಾಫ್ಟ್ ೩೬ ಸುತ್ತು. ಸೆಕೆಂಡಿಗೆ ೭ ಸಲ ಕುಲುಕಿದ್ರೆ ಗಾಲಿ, ೩೬ ಸಲ ಅಂದ್ರೆ ಶಾಫ್ಟ್ ಬ್ಯಾಲೆನ್ಸ್, ೭೨ ಸಲ ಅಂದ್ರೆ ಕೋನ. ಗಾಲಿಯದು ಕುಲುಕಾಟ, ಕೋನದ್ದು ಗುಂಯ್ ಅನ್ನೋ ಸದ್ದು. ಕಿವಿಯಲ್ಲೇ ಗೊತ್ತಾಗುತ್ತೆ.

ಈಗ ನನ್ನ ಅಭಿಪ್ರಾಯ. ಒಂದು, ಎತ್ತರ ಮಾಡೋದಕ್ಕೆ ನಾವು ಕೊಡೋ ಕಾರಣವೇ ಅರ್ಧ ತಪ್ಪು. ಹೊಲದ ದಾರೀಲಿ ಬಡಿಯೋದು ಹೌಸಿಂಗ್. ಪಾಟಾ ಎತ್ತರಿಸಿದ್ರೆ ಬಾಡಿ ಮೇಲೇರುತ್ತೆ, ಹೌಸಿಂಗ್ ಇದ್ದಲ್ಲೇ ಇರುತ್ತೆ. ಅದು ಮೇಲೇರಬೇಕಾದ್ರೆ ಗಾಲಿಯೇ ದೊಡ್ಡದಾಗಬೇಕು. ಮಹಾಪೂರ ಬಂದಾಗ ಮೂರು ಇಂಚಿನಿಂದ ಯಾರೂ ದಡ ಸೇರಲ್ಲ. ಜೊತೆಗೆ ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡೋ ಹಾಗಿಲ್ಲ. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಹ ಇದನ್ನೇ ಹೇಳಿದೆ.

ಎರಡು, ನಡುಕವನ್ನ ಸಹಿಸಿಕೊಂಡು ಓಡಿಸಬೇಡಿ. ಕ್ರಾಸ್ ಮುರಿದು ಶಾಫ್ಟಿನ ಮುಂದಿನ ತುದಿ ಓಡೋ ಗಾಡಿಯಲ್ಲಿ ನೆಲಕ್ಕೆ ಬಿದ್ರೆ ಏನಾಗುತ್ತೆ ಯೋಚಿಸಿ. ಆ ಜೀಪಲ್ಲಿ ಮಾಮಾ ದಿನಾ ಮೊಮ್ಮಕ್ಕಳನ್ನ ಶಾಲೆಗೆ ಬಿಡ್ತಾರೆ.

ಮೂರು, ಅಳೆಯದೆ ಸಾಮಾನು ಬದಲಿಸೋದು ರಿಪೇರಿ ಅಲ್ಲ, ಜೂಜು. ಇದು ಗ್ಯಾರೇಜಿನವರಿಗೆ ಎಷ್ಟು ಅನ್ವಯಿಸುತ್ತೋ ನನಗೂ ಅಷ್ಟೇ. ಹುಕ್ಸ್ ಜಾಯಿಂಟಿನ ಸಮೀಕರಣ ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದು ಮಾರ್ಕು ತಗೊಂಡಿದ್ದೆ. ಅದೇ ಜಾಯಿಂಟ್ ಮನೆ ಅಂಗಳದಲ್ಲಿ ನಡುಗ್ತಾ ನಿಂತಾಗ ಮೊದಲು ಬಂದದ್ದು ನಗು! ಆಫೀಸಲ್ಲೂ ಹೀಗೇ ಮಾಡ್ತೀವಿ, ಬಳಸೋರು ಹೇಳೋ ಲಕ್ಷಣ ಪೂರ್ತಿ ಕೇಳದೆ ಕೋಡ್ ತಿದ್ದೋಕೆ ಕೂರ್ತೀವಿ.

ಜೀಪು ಸರಿ ಆದ ಮೇಲೆ ಮಾಮಾ ಅಂದ್ರು, "ಅಲ್ಲೋ ಅಳಿಯಾ, ಇಷ್ಟ ತಿಳಿಯಾಕ ನಾಲ್ಕ ವರ್ಷ ಕಾಲೇಜ ಬೇಕಾತೇನು?"

ತಿಳಿಯೋಕೆ ನಾಲ್ಕು ವರ್ಷ ಸಾಕಾಯ್ತು ಮಾಮಾ. ಜೀಪಿನ ಕೆಳಗೆ ನುಗ್ಗೋಕೆ ಇನ್ನೂ ಆರು ವರ್ಷ ಬೇಕಾಯ್ತು.