ತರಬೇತಿಗೆ ಬಾ, ಸಾಲಕ್ಕೆ ಬರಬೇಡ!

ಊಟ ಪುಕ್ಕಟೆ, ವಸತಿ ಪುಕ್ಕಟೆ, ಪಾಠವೂ ಪುಕ್ಕಟೆ. ಇಷ್ಟೆಲ್ಲ ಕೊಟ್ಟ ಮೇಲೆ, ಕಲಿತು ಬಂದ ಹುಡುಗ ಒಂದು ಚಿಕ್ಕ ಅಂಗಡಿ ಇಡೋದಕ್ಕೆ ಐವತ್ತು ಸಾವಿರ ಸಾಲ ಕೇಳಿದರೆ ಬರುವ ಪ್ರಶ್ನೆ ಏನು ಗೊತ್ತೇ? ‘ಅಡಮಾನಕ್ಕೆ ಏನಿದೆಯಪ್ಪಾ?’

ಜನ ಆರ್‌ಸೆಟಿ ಅಂತ ಕರೆಯುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳ ಮಾತಿದು. ಇದರ ಬೇರು ನಮ್ಮ ನಾಡಿನಲ್ಲೇ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಕೂಡಿ ರುಡ್‌ಸೆಟಿ ಶುರು ಮಾಡಿದವು. 2009ರಲ್ಲಿ ಕೇಂದ್ರ ಸರ್ಕಾರ ಇದೇ ಮಾದರಿ ಹಿಡಿದು, ಜಿಲ್ಲೆಗೊಂದು ಸಂಸ್ಥೆ ನಡೆಸುವ ಹೊಣೆಯನ್ನು ಬ್ಯಾಂಕುಗಳಿಗೆ ಹೊರಿಸಿತು. ಸಿಂಡಿಕೇಟ್ 2020ರಲ್ಲಿ ಕೆನರಾದೊಳಗೆ ಸೇರಿಹೋಯಿತು. ಮಾದರಿ ಉಳಿಯಿತು.

ಉಜಿರೆಯವರು ಬಡವನ ಲೆಕ್ಕ ಬಲ್ಲವರು. ಬಡ ಹುಡುಗನಿಗೆ ಫೀಸೊಂದೇ ಭಾರವಲ್ಲ. ದಿನಾ ಬಸ್ ಚಾರ್ಜು, ಮಧ್ಯಾಹ್ನದ ಊಟ, ಮನೆಗೆ ತಪ್ಪುವ ಕೂಲಿ ಅದಕ್ಕಿಂತ ಭಾರ. ಅದಕ್ಕೇ ಅಲ್ಲೇ ಉಳಿಸಿಕೊಂಡು, ಅಲ್ಲೇ ಊಟ ಹಾಕಿ, ಕೆಲವೇ ವಾರದಲ್ಲಿ ಕಲಿಸಿ ಕಳಿಸುವ ಏರ್ಪಾಡು. ಮೋಟಾರ್ ವೈಂಡಿಂಗ್, ಹೊಲಿಗೆ, ಮೊಬೈಲ್ ರಿಪೇರಿ ಹೀಗೆ. ಬರೀ ಕಸುಬು ಕೊಟ್ಟರೆ ಸಾಲದು, ಬಂಡವಾಳವೂ ಬೇಕು ಅಂತಲೇ ಮೊದಲ ದಿನದಿಂದ ಬ್ಯಾಂಕನ್ನು ಜೊತೆಗಿಟ್ಟುಕೊಂಡದ್ದು.

ಈಗ ನೋಡಿದರೆ ಕಲಿಸುವುದೂ ಬ್ಯಾಂಕು, ಬಾಗಿಲು ಹಾಕುವುದೂ ಬ್ಯಾಂಕು! ಸರ್ಟಿಫಿಕೇಟು ಪ್ಲಾಸ್ಟಿಕ್ ಕವರಿನಲ್ಲಿ ಟ್ರಂಕಿನ ತಳ ಸೇರುತ್ತದೆ. ಹುಡುಗ ಮತ್ತೆ ಇನ್ನೊಬ್ಬರ ಅಂಗಡಿಯಲ್ಲಿ ಸ್ಪಾನರ್ ಹಿಡಿದು ನಿಲ್ಲುತ್ತಾನೆ. ಬಸ್ ಸ್ಟ್ಯಾಂಡ್ ಸುತ್ತಮುತ್ತಲ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮ್ಯಾನೇಜರುಗಳ ಸಂಕಟವೂ ಸುಳ್ಳಲ್ಲ. ಸಾಲ ಮುಳುಗಿದರೆ ಮೇಲಿನವರು ಹಿಡಿಯುವುದು ಅವರ ಕುತ್ತಿಗೆಯನ್ನೇ. ಸಾಲ ತಗೊಂಡು ಊರು ಬಿಟ್ಟವರೂ ಉಂಟು. ಆದರೆ ಸಣ್ಣ ಉದ್ಯಮಕ್ಕೆ 10 ಲಕ್ಷದ ತನಕ ಅಡಮಾನ ಕೇಳಬೇಡಿ ಅಂತ ರಿಸರ್ವ್ ಬ್ಯಾಂಕು 2010ರಲ್ಲೇ ಹೇಳಿದೆಯಲ್ಲ! 2015ರಲ್ಲಿ ಮುದ್ರಾ ಬಂತು. ನಷ್ಟದಲ್ಲಿ ಒಂದು ಪಾಲು ತುಂಬಿಕೊಡುವ ಖಾತರಿ ನಿಧಿಯೂ ಇದೆ. ಇಷ್ಟಾದ ಮೇಲೂ ಗುಡಿಸಲಿನ ಹುಡುಗನ ಹತ್ತಿರ ಜಾಗದ ಪತ್ರ ಕೇಳುವುದು ಯಾವ ನ್ಯಾಯ ಸ್ವಾಮಿ?

ತರಬೇತಿ ಮುಗಿಯುವ ವಾರವೇ ಮ್ಯಾನೇಜರುಗಳನ್ನು ಸಂಸ್ಥೆಗೆ ಕರೆಸಿ, ಹುಡುಗರ ಕೆಲಸ ಕಣ್ಣಾರೆ ತೋರಿಸಿ, ಅರ್ಜಿಯನ್ನು ಅಲ್ಲೇ ತಗೊಳ್ಳಬಹುದು. ಲೀಡ್ ಬ್ಯಾಂಕಿನವರು ಮೂರು ತಿಂಗಳಿಗೊಮ್ಮೆ ಅಧಿಕಾರಿಗಳನ್ನು ಕೂರಿಸಿ ಸಭೆ ಮಾಡುತ್ತಾರಲ್ಲ, ಅಲ್ಲಿ ಎಷ್ಟು ಜನ ತರಬೇತಿ ಪಡೆದರು ಅಂತ ಓದಿ ಕಾಫಿ ಕುಡಿದು ಏಳುವುದು ಸಾಕು. ಯಾವ ಶಾಖೆಗೆ ಎಷ್ಟು ಅರ್ಜಿ ಹೋಯಿತು, ಎಷ್ಟು ಜನಕ್ಕೆ ಸಾಲ ಸಿಕ್ಕಿತು, ಆ ಪಟ್ಟಿ ಮೇಜಿನ ಮೇಲೆ ಬರಲಿ. ಕೊಡದಿದ್ದರೆ ಯಾಕೆ ಅಂತ ಹುಡುಗನಿಗೆ ಬರೆದು ಕೊಡಲಿ, ‘ಮುಂದಿನ ವಾರ ಬಾ’ ಅನ್ನುವುದು ಬೇಡ.