ಮೂರು ವರ್ಷದ ಲೆಕ್ಕ ಯಾವ ದಿನದಿಂದ?



ಸೈಟು ಕೊಡಿಸಿ ಮೋಸಮಾಡಿದ ಏಜೆಂಟನ ಮೇಲೆ ದೂರು ಕೊಡಲು ಹೋದರೆ ನಮ್ಮವರಿಗೆ ಸಿಗುವ ಮೊದಲ ಪ್ರಶ್ನೆ ಇದು: “ಇಷ್ಟು ವರ್ಷ ಏನು ಮಾಡುತ್ತಿದ್ದಿರಿ?” ಉತ್ತರ ಕೊಡುತ್ತೇವೆ. ಟೀ ಎಲೆ ಕೊಯ್ಯುತ್ತಿದ್ದೆವು.

ನೀಲಗಿರಿಯ ತೋಟದ ಕುಟುಂಬ ಸೈಟು ಕೊಳ್ಳುವ ರೀತಿ ಪೇಟೆಯವರದಲ್ಲ. ಪಿ.ಎಫ್. ಮುಂಗಡ ತೆಗೆದು, ಬಳೆ ಅಡವಿಟ್ಟು, ಮೆಟ್ಟುಪಾಳ್ಯದ ಕಡೆ ಬಯಲಲ್ಲಿ ಒಂದು ತುಂಡು ನೆಲ ಹಿಡಿಯುತ್ತೇವೆ. ಆದರೆ ಕೆಲಸ ಇರುವ ತನಕ ಲೈನ್ ಮನೆಯೇ ಮನೆ. ಐವತ್ತೆಂಟಕ್ಕೆ ನಿವೃತ್ತಿಯಾಗಿ ಲೈನ್ ಖಾಲಿಮಾಡಬೇಕಾದಾಗಲೇ ಆ ನೆಲದ ಬಳಿ ಹೋಗುವುದು. ನಮ್ಮ ಬಳಿಗೆ ಬಂದ ಒಬ್ಬ ಅಕ್ಕ ಹೋಗಿ ನೋಡಿದಾಗ ಅಲ್ಲಿ ಬೇರೆಯವರ ಬೇಲಿ ಇತ್ತು. ಕೊಂಡು ಹನ್ನೊಂದು ವರ್ಷವಾಗಿತ್ತು.

2016ರ ರಿಯಲ್ ಎಸ್ಟೇಟ್ ಕಾಯಿದೆ, ಅಂದರೆ ರೇರಾ, ಏಜೆಂಟನಿಗೂ ನೋಂದಣಿ ಕಡ್ಡಾಯ ಮಾಡಿತು. ಮೋಸದಿಂದ ನಡೆದರೆ ನೋಂದಣಿ ರದ್ದುಮಾಡಬಹುದು. ದೂರಿನ ಸೆಕ್ಷನ್ 31ರಲ್ಲಿ ಇಷ್ಟೇ ವರ್ಷದೊಳಗೆ ಎಂಬ ಮಾತಿಲ್ಲ. ಆದರೂ ಎದುರು ವಕೀಲರು 1963ರ ಲಿಮಿಟೇಶನ್ ಕಾಯಿದೆಯ ಮೂರು ವರ್ಷವನ್ನು ತಂದು ಅಡ್ಡವಿಡುತ್ತಾರೆ. ಅದೇ ಕಾಯಿದೆಯ ಸೆಕ್ಷನ್ 17, ವಂಚನೆ ತಿಳಿದ ದಿನದಿಂದ ಅವಧಿ ಎಣಿಸಬೇಕೆನ್ನುತ್ತದೆ; ಅದನ್ನು ಅವರು ಓದುವುದಿಲ್ಲ. ಓದಿಸಿದರೆ, “ತಕ್ಕ ಎಚ್ಚರ ವಹಿಸಿದ್ದರೆ ಆಗಲೇ ತಿಳಿಯುತ್ತಿತ್ತು, ಇ.ಸಿ. ತೆಗೆಸಬಹುದಿತ್ತಲ್ಲ” ಎನ್ನುತ್ತಾರೆ. ಒಂದು ದಿನದ ಕೂಲಿ ಬಿಟ್ಟು, ಬೆಟ್ಟ ಇಳಿದು, ರಿಜಿಸ್ಟ್ರಾರ್ ಕಚೇರಿಯಲ್ಲಿ ತಮಿಳು ಅರ್ಜಿ ಬರೆಸಬೇಕಾದ ಹೆಂಗಸಿನ ಎಚ್ಚರವನ್ನು ಯಾವ ಅಳತೆಗೋಲಿನಲ್ಲಿ ಅಳೆಯುತ್ತೀರಿ? ಆ ಎಚ್ಚರಕ್ಕೆಂದೇ ಅಲ್ಲವೇ ಏಜೆಂಟನಿಗೆ ಕಮಿಷನ್ ಕೊಟ್ಟದ್ದು!

ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಕೆರಳಿಸುತ್ತದೆ. ರೇರಾದ ಸೆಕ್ಷನ್ 18(2)ರ ಪ್ರಕಾರ, ಜಮೀನಿನ ಹಕ್ಕಿನಲ್ಲೇ ದೋಷವಿದ್ದರೆ ಬಡಾವಣೆ ಮಾಡಿದ ಪ್ರಮೋಟರನಿಂದ ಪರಿಹಾರ ಕೇಳಲು ಕಾಲಮಿತಿಯ ಅಡ್ಡಿಯಿಲ್ಲ. ಒಳ್ಳೆಯದು. ಆದರೆ ಆ ಸಾಲಿನಲ್ಲಿ ಏಜೆಂಟನ ಹೆಸರಿಲ್ಲ. ಪ್ರಮೋಟರನ ಮುಖವನ್ನೇ ನಾವು ಕಂಡವರಲ್ಲ. ಲೈನಿಗೆ ಬಂದು, ಕಾಫಿ ಕುಡಿದು, ಮಕ್ಕಳ ತಲೆ ಸವರಿ ಮುಂಗಡ ಪಡೆದವನು ಏಜೆಂಟ್. ಅವನ ಹೆಸರನ್ನೂ ಅಲ್ಲಿ ಸೇರಿಸಬೇಕು. ಇದು ನಮ್ಮ ಬೇಡಿಕೆ.

ಅಹಾಬನು ನಾಬೋತನ ದ್ರಾಕ್ಷಾತೋಟಕ್ಕೆ ಇಳಿದಾಗ ಎಲೀಯನು ಅಲ್ಲೇ ಹೋಗಿ ನಿಂತನು. ದೂರು ಕೊಡಲು ನಾಬೋತನೇ ಬದುಕಿರಲಿಲ್ಲ, ಅವಧಿ ಮೀರಿತೆಂದು ಯಾರೂ ಅನ್ನಲಿಲ್ಲ.

ಕಾಲಮಿತಿ ಇರಬೇಕಾದ ಕಡೆ ಬೇರೆ. ದೂರನ್ನು 60 ದಿನದೊಳಗೆ ಮುಗಿಸಬೇಕೆಂದು ಕಾಯಿದೆ ಪ್ರಾಧಿಕಾರಕ್ಕೇ ಹೇಳಿದೆ. ತಡವಾದರೆ ಕಾರಣ ಬರೆದಿಟ್ಟರೆ ಸಾಕು. ಬಡವ ತಡಮಾಡಿದರೆ ಹಕ್ಕೇ ಹೋಗಬೇಕೋ?

ಪೊಲೀಸ್ ಠಾಣೆಯಲ್ಲಿ “ಹಳೇ ಕೇಸು” ಎಂದರೆ ಎದ್ದು ಬರಬೇಡಿ. ಅಪರಾಧಗಳಿಗೆ ಇರುವ ಕಾಲಮಿತಿ ಮೂರು ವರ್ಷದ ತನಕ ಶಿಕ್ಷೆಯಿರುವವಕ್ಕೆ ಮಾತ್ರ. ಹಣ ಕೀಳುವ ವಂಚನೆಗೆ, ಹಳೆಯ 420ಕ್ಕೆ, ಏಳು ವರ್ಷದ ತನಕ ಶಿಕ್ಷೆಯಿದೆ. ಅದಕ್ಕೆ ಈ ಮಿತಿ ತಾಗದು.

ಗೂಡಲೂರಿನ ಜನ್ಮಂ ಜಮೀನಿನ ಗೋಳು ಬೇರೆ; ಅದಕ್ಕೆ ಇನ್ನೊಂದು ಸಂಚಿಕೆಯೇ ಬೇಕು. ಸದ್ಯಕ್ಕೆ, ಸೈಟು ಕೊಂಡವರು ರಸೀದಿ, ಕರಾರು, ಏಜೆಂಟ್ ಕೊಟ್ಟ ನೋಟೀಸು, ಅವನ ನೋಂದಣಿ ಸಂಖ್ಯೆ ಇದ್ದರೆ ಅದನ್ನೂ ಭಾನುವಾರ ಪೂಜೆಯಾದ ಮೇಲೆ ತನ್ನಿ. ಬೇಲಿ ಕಂಡದ್ದು ಯಾವ ದಿನ ಎಂಬುದನ್ನು ಇವತ್ತೇ ಒಂದು ಚೀಟಿಯಲ್ಲಿ ಬರೆದಿಡಿ.