ಟ್ರಿಪ್ ಆಗುವ ಸ್ವಿಚ್ಚನ್ನು ಬೈಯಬೇಡಿ ಮಾರಾಯ್ರೇ!

ಮುಂಬಯಿಯಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಬಿಲ್ಡಿಂಗಿನಲ್ಲಿ ಒಂದಲ್ಲ ಒಂದು ಮನೆಯ ಎಂಸಿಬಿ 'ಟಪ್' ಅಂತ ಬೀಳುತ್ತಲೇ ಇರುತ್ತದೆ. ಎಲೆಕ್ಟ್ರಿಷಿಯನ್ ಬರುತ್ತಾನೆ, 16 ಆಂಪಿಯರಿನದ್ದು ತೆಗೆದು 32ರದ್ದು ಹಾಕುತ್ತಾನೆ, ದುಡ್ಡು ಎಣಿಸಿಕೊಂಡು ಹೋಗುತ್ತಾನೆ. ಆಮೇಲೆ ಅದು ಬೀಳುವುದಿಲ್ಲ. ಮನೆಯವರಿಗೆ ಖುಷಿ, ನನಗೆ ಭಯ.

ಯಾಕೆ ಗೊತ್ತಾ? ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಯಲಿಕ್ಕೆ. ಅದನ್ನು ದೊಡ್ಡದು ಮಾಡಿದರೆ ವೈರು ದಪ್ಪ ಆಗುತ್ತದೆಯೇ? ಎರಡು ಕಿಲೋವ್ಯಾಟಿನ ಗೀಸರ್ ಒಂದೇ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದೇ ಲೈನಿಗೆ ಇಂಡಕ್ಷನ್ ಒಲೆ, ಕೆಟಲ್ ಎಲ್ಲ ಸೇರಿಸಿದರೆ, ಪಾಪ, ಬೀಳದೆ ಇನ್ನೇನು ಮಾಡೀತು?

ಇನ್ನು ಇಎಲ್‌ಸಿಬಿ. ಅದು ಕಾಯುವುದು ನಮ್ಮನ್ನು. ಮನೆಗಳಲ್ಲಿ ಹಾಕುವುದು ಸಾಮಾನ್ಯವಾಗಿ 30 ಮಿಲಿಆಂಪಿಯರಿನದ್ದು. ಅಷ್ಟು ಕರೆಂಟು ಸೋರಿದರೆ ಸಾಕು, ಬೀಳುತ್ತದೆ. ಒದ್ದೆ ಕೈಯಲ್ಲಿ ನಲ್ಲಿ ಮುಟ್ಟುವ ಮಗುವಿಗೆ ಅದೇ ರಕ್ಷೆ. "ಸುಮ್ಮನೆ ಬೀಳ್ತದೆ" ಅಂತ ಅದನ್ನೇ ಬೈಪಾಸ್ ಮಾಡಿಸುವವರಿಗೆ ಏನು ಹೇಳೋಣ?

ಮೊದಲು ಎಲ್ಲ ಪ್ಲಗ್ ಕಿತ್ತು ಸ್ವಿಚ್ ಮೇಲೆತ್ತಿ. ನಿಂತರೆ ಒಂದೊಂದೇ ಹಾಕುತ್ತಾ ಬನ್ನಿ. ಯಾವುದು ಹಾಕಿದ ಕೂಡಲೇ ಬಿತ್ತೋ ಅದೇ ಕಳ್ಳ! ಒಂದೊಂದೇ ಸರಿಯಿದ್ದು ಎಲ್ಲ ಸೇರಿದಾಗ ಎಂಸಿಬಿ ಬಿದ್ದರೆ ಲೋಡು ಹೆಚ್ಚು. ಏನೂ ಇಲ್ಲದೆಯೂ ನಿಲ್ಲದಿದ್ದರೆ ಲೈಸೆನ್ಸ್ ಇರುವವರನ್ನು ಕರೆಸಿ, ವೈರಿಂಗ್ ತೋರಿಸಿ. ದುಡ್ಡು ಸ್ವಲ್ಪ ಹೆಚ್ಚಾದೀತು, ಆಗಲಿ.

ಬೊಗಳುತ್ತದೆಂದು ನಾಯಿಯ ಬಾಯಿ ಕಟ್ಟಿದರೆ ಲಾಭ ಯಾರಿಗೆ, ನೀವೇ ಹೇಳಿ.